ಪೆನ್ಸಿಲಿನ ಎರಡು ಬೆರಳು

ನಾಲ್ಕೂವರೆಗೆ ಎದ್ದು ಅತ್ತೆಯ ಮಗ್ಗುಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದ ಹಾಗೆ ಪುಡಿ ಹಾಕುವುದು. ಒದ್ದೆ ಹಾಸನ್ನು ಎಳೆದು ಬಕೆಟ್ಟಿಗೆ ಹಾಕಿ ಒಣಗಿದ್ದನ್ನು ಹಾಸುವುದು. ನೀರಿನ ಮೋಟರು ಹಾಕಿ, ಟ್ಯಾಂಕು ತುಂಬುವ ಸದ್ದಿಗೆ ಒಂದು ಕಿವಿ, ಒಲೆಯ ಮೇಲಿನ ಹಾಲಿಗೆ ಇನ್ನೊಂದು ಕಿವಿ ಕೊಡುವುದು. ಡಾರ್ಕ್‌ರೂಮಿನ ತಂತಿಗೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದ ಪ್ರಿಂಟುಗಳನ್ನು ಇಳಿಸಿ ದಪ್ಪ ಪುಸ್ತಕಗಳ ಕೆಳಗೆ ಒತ್ತಿಡುವುದು. ಕಸ ಗುಡಿಸುವುದು ಅದಾದ ಮೇಲೆ, ಏಕೆಂದರೆ ಧೂಳಿಗೆ ಪ್ರಿಂಟೆಂದರೆ ಪ್ರಾಣ. ಫೋಟೋ ಮೂಡಿಸುವ ಡೆವಲಪರ್ ಮದ್ದು ಕಲಸುವುದು, ಅದನ್ನು ಕಲಸುವ ಚಮಚಕ್ಕೆ ಕೆಂಪು ದಾರ ಕಟ್ಟಿದೆ, ಅಡುಗೆಯ ಚಮಚದ ಜತೆ ಸೇರದಿರಲೆಂದು. ಅನ್ನಕ್ಕೆ ಇಡುವುದು. ಐದು ಪೆನ್ಸಿಲುಗಳ ಮೊನೆಯನ್ನು ಮರಳುಕಾಗದದ ಮೇಲೆ ತಿರುಗಿಸಿ ತಿರುಗಿಸಿ ಸೂಜಿಯಾಗುವವರೆಗೆ ಉಜ್ಜುವುದು. ಗಂಡನ ಟೀ. ಮೈದುನನ ಟೀ, ಅದಕ್ಕೆ ಸಕ್ಕರೆ ಬೇರೆ. ಅಷ್ಟು ಹೊತ್ತಿಗೆ ಬೆಳಕು ಹರಿಯುತ್ತಿತ್ತು.

ಇಷ್ಟಾದ ಮೇಲೆ ಯಾರಾದರೂ ಬಂದು "ನಿಮ್ಮ ಮನೆಯವರು ಏನ್ಮಾಡ್ತಾರೆ?" ಎಂದು ಕೇಳಿದರೆ ಗಂಡ ಟೀ ಲೋಟ ಕೆಳಗಿಟ್ಟು, "ಏನಿಲ್ಲ, ಮನೇಲೇ ಇರ್ತಾಳೆ" ಎನ್ನುತ್ತಿದ್ದ. ಇಪ್ಪತ್ತಾರು ವರ್ಷ ಹಾಗೆಯೇ ಅಂದ.

ಬೀದಿಯವರು ಅವಳನ್ನು ಪೆನ್ಸಿಲಕ್ಕ ಎನ್ನುತ್ತಿದ್ದರು. ಅವಳ ಕೆಲಸ ನೋಡಿ ಬಂದ ಹೆಸರಲ್ಲ ಅದು. ಕೆಲಸವನ್ನು ನೋಡಿದವರು ಯಾರೂ ಇರಲಿಲ್ಲ. ತರಕಾರಿಗೆ ಹೋಗುವಾಗಲೂ ತುರುಬಿನಲ್ಲಿ ಒಂದು ಪೆನ್ಸಿಲು ಸಿಕ್ಕಿಸಿಕೊಂಡು ಮರೆತುಬಿಟ್ಟಿರುತ್ತಿದ್ದಳು, ಅದಕ್ಕೆ. ಐವತ್ತರ ಹತ್ತಿರದ ಹೆಂಗಸು, ಕುಳ್ಳಿ. ಬೆರಳ ತುದಿಗಳು ರಾಸಾಯನಿಕಕ್ಕೆ ಕಂದಿದ್ದವು. ಎಡಗೈಯ ಕಿರುಬೆರಳು ಕೊನೆಯ ಗಿಣ್ಣಿನಲ್ಲಿ ಒಳಕ್ಕೆ ಡೊಂಕಾಗಿತ್ತು. ಮದುವೆಯಾದ ವರ್ಷ ಡಾರ್ಕ್‌ರೂಮಿನ ಬಾಗಿಲಿಗೆ ಸಿಕ್ಕಿಕೊಂಡದ್ದು. ಅವಳು ಕೂಗಿಕೊಂಡಾಗ ಗಂಡ ಮೊದಲು ಕೇಳಿದ್ದು, "ಪೇಪರಿಗೆ ಬೆಳಕು ಬಿತ್ತಾ?"

ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ನಡುವೆ ಒಂದು ಪರದೆ. ಪರದೆಯ ಹಿಂದೆ ಅಡುಗೆಮನೆ, ಅತ್ತೆಯ ಕೋಣೆ, ಇವೆರಡರ ಮಧ್ಯೆ ಹಿಂದೊಮ್ಮೆ ಸಾಮಾನಿನ ಕೋಣೆಯಾಗಿದ್ದ ಡಾರ್ಕ್‌ರೂಮು. ಮುಂದೆ ಗಂಡ ಕ್ಯಾಮೆರಾ ಹಿಡಿದು "ಗಲ್ಲ ಸ್ವಲ್ಪ ಮೇಲೆ, ಸ್ವಲ್ಪ ನಗಿ" ಎನ್ನುತ್ತಿದ್ದ. ಉಳಿದದ್ದೆಲ್ಲ ಹಿಂದೆ ನಡೆಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಮನೆಯಲ್ಲಿ ಕೆಸರಿನ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು.

ಅವಳ ಕೆಲಸದಲ್ಲಿ ಕಷ್ಟದ್ದು ಟಚಿಂಗ್. ನೆಗೆಟಿವ್‌ನಲ್ಲಿ ಎಲ್ಲವೂ ತಲೆಕೆಳಗು: ಕಪ್ಪಾಗಿರುವುದು ಪ್ರಿಂಟಿನಲ್ಲಿ ಬಿಳಿ, ತಿಳಿಯಾಗಿರುವುದು ಪ್ರಿಂಟಿನಲ್ಲಿ ಕಪ್ಪು. ಮೊಡವೆಯ ಕಲೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ, ಇವೆಲ್ಲ ಫಿಲ್ಮಿನಲ್ಲಿ ತಿಳಿ ಚುಕ್ಕೆಗಳು. ಫಿಲ್ಮಿಗೆ ತೆಳ್ಳಗೆ ಒಂದು ಅಂಟು ಸವರಿ, ಆ ತಿಳಿಯನ್ನು ಪೆನ್ಸಿಲಿನ ಸೀಸದಿಂದ ಚುಕ್ಕಿ ಚುಕ್ಕಿಯಾಗಿ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಓರೆಯಾಗಿ ನಿಲ್ಲಿಸಿದ ಗಾಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಹೊಡೆಯುವ ಕನ್ನಡಿ, ಕಣ್ಣಿಗೆ ಭೂತಗನ್ನಡಿ. ಮಧ್ಯಾಹ್ನ ಅತ್ತೆ ನಿದ್ದೆ ಹೋದ ಎರಡು ಗಂಟೆಯಲ್ಲಿ ಅವಳು ಊರಿನ ಎಷ್ಟೋ ಮುಖಗಳಿಂದ ವಯಸ್ಸನ್ನು ಇಳಿಸಿದಳು. ಅವಳ ಮುಖದ್ದನ್ನು ಇಳಿಸುವವರು ಇರಲಿಲ್ಲ, ಅದು ಬೇರೆ ಮಾತು.

ಸ್ಟುಡಿಯೋದ ಗೋಡೆಯ ಮೇಲೆ ಒಂದು ಹಿತ್ತಾಳೆಯ ಫಲಕವಿತ್ತು. "ಅತ್ಯುತ್ತಮ ಟಚಿಂಗ್ ಕೆಲಸಕ್ಕಾಗಿ" ಎಂದು ಛಾಯಾಗ್ರಾಹಕರ ಸಂಘ ಕೊಟ್ಟದ್ದು. ಅದರಲ್ಲಿ ಗಂಡನ ಹೆಸರಿತ್ತು. ವಾರಕ್ಕೊಮ್ಮೆ ಅದಕ್ಕೆ ಹುಣಸೆಹಣ್ಣು ಉಜ್ಜಿ ಹೊಳಪು ಬರಿಸುವ ಕೆಲಸ ಮಾತ್ರ ಅವಳದು.

ಮೈದುನ ಹೊಸ ಡಿಜಿಟಲ್ ಕ್ಯಾಮೆರಾ ತಂದ ದಿನ ಚಪ್ಪಲಿ ಬಿಡದೆ ಅಡುಗೆಮನೆಯವರೆಗೂ ಬಂದ.

"ಅತ್ತಿಗೆ, ಇನ್ನು ನಿಮ್ಮ ಪೆನ್ಸಿಲಿಗೆ ರಜೆ. ಎರಡು ಕೋಟಿ ನಲವತ್ತು ಲಕ್ಷ ಚುಕ್ಕಿ ಇದೆ ಇದರಲ್ಲಿ! ನಿಮ್ಮ ಫಿಲ್ಮಲ್ಲಿ ಎಷ್ಟಿದೆ ಹೇಳಿ ನೋಡೋಣ?"

"ಎಣಿಸಿಲ್ಲಪ್ಪ. ನಾನು ಚುಕ್ಕಿ ಎಣಿಸ್ತಾ ಕೂತ್ರೆ ಅನ್ನ ಯಾರು ಇಳಿಸ್ತಾರೆ?"

"ಸೋಲು ಒಪ್ಕೊಂಡ್ರಿ ಅನ್ನಿ."

"ಒಪ್ಕೋಳೋಣ. ಮೊದಲು ಜರಡಿ ಹಿಡಿಯೋಣ ಬಾ. ಚಪ್ಪಲಿ ಹೊರಗೆ ಬಿಟ್ಟು ಬಾ."

ಜರಡಿ ಹಿಡಿಯುವುದು ಅವಳದೇ ಉಪಾಯ. ಯಾವ ಹೊಸ ಲೆನ್ಸು ಬಂದರೂ ಹಿತ್ತಲಿನ ಬಟ್ಟೆ ಹಗ್ಗಕ್ಕೆ ಕಾಳಿನ ಜರಡಿ, ರವೆ ಜರಡಿ, ಹಿಟ್ಟಿನ ಜರಡಿ, ಟೀ ಸೋಸುವ ಜಾಲರಿ ಇಷ್ಟನ್ನೂ ನೇತುಹಾಕಿ, ಹಿಂದೆ ಒಂದು ಬಿಳಿ ಹಾಸು ಕಟ್ಟಿ, ಹನ್ನೆರಡು ಹೆಜ್ಜೆ ದೂರದಿಂದ ಫೋಟೋ ತೆಗೆಸುತ್ತಿದ್ದಳು. ಎಷ್ಟು ಸಣ್ಣ ಜರಡಿಯ ತೂತು ತೂತಾಗಿಯೇ ಕಾಣುತ್ತದೋ ಅಷ್ಟು ಆ ಲೆನ್ಸಿನ ಯೋಗ್ಯತೆ. ಮೊದಮೊದಲು ಗಂಡ ನಕ್ಕಿದ್ದ. ಆಮೇಲೆ ಮಾರಾಟಗಾರರ ಮುಂದೆ, "ನಮ್ಮಲ್ಲಿ ಒಂದು ಪರೀಕ್ಷೆ ಇದೆ" ಎಂದು ಗತ್ತಿನಿಂದ ಹೇಳತೊಡಗಿದ್ದ.

ಅಂದು ಮೂರು ಕ್ಯಾಮೆರಾ ನಿಂತವು. ಮೈದುನನದು, ಗಂಡ ಮದುವೆಮನೆಗೆ ಒಯ್ಯುವ ಸಣ್ಣ ರೋಲಿನದು, ಮೂಲೆ ಸೇರಿದ್ದ ಹಳೆಯ ಮರದ ಪೆಟ್ಟಿಗೆ ಕ್ಯಾಮೆರಾ. ಮೂರನೆಯದಕ್ಕೆ ಅಂಗೈಗಿಂತ ದೊಡ್ಡ ಶೀಟ್ ಫಿಲ್ಮು ಹಾಕಬೇಕು. ಗುಂಪಿನ ಫೋಟೋಗೆಂದೇ ಇದ್ದದ್ದು. ಮೂರರಲ್ಲೂ ಹಗ್ಗ ಈ ಕಂಬದಿಂದ ಆ ಕಂಬದವರೆಗೆ ತುಂಬಿ ಕಾಣಬೇಕೆಂದು ಅವಳೇ ನಿಂತು ನೋಡಿದಳು.

ಸಣ್ಣ ರೋಲಿನಲ್ಲಿ ರವೆ ಜರಡಿ ಅರ್ಧಂಬರ್ಧ ಕಂಡಿತು, ಹಿಟ್ಟಿನ ಜರಡಿ ಬರೀ ಬೂದು ಬಟ್ಟೆಯಾಯಿತು. ಮೈದುನನ ಪರದೆಯ ಮೇಲೆ ರವೆ ಜರಡಿಯ ತಂತಿ ತಂತಿಯೂ ಕಂಡಿತು. ಅವನು ಕುಣಿದ. ಹಿಟ್ಟಿನ ಜರಡಿಗೆ ಹೋದಾಗ ಕುಣಿತ ನಿಂತಿತು. ಅಲ್ಲಿ ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಹಸಿರು, ನೇರಳೆ ಬಣ್ಣದ ಅಗಲವಾದ ಅಲೆಗಳು ಎದ್ದಿದ್ದವು.

"ನಮ್ಮ ಜರಡೀಲಿ ಈ ಅಲೆ ಎಲ್ಲಿದೆಯಪ್ಪಾ?"

"ಅದು... ಅದೊಂದು ಎಫೆಕ್ಟು ಅತ್ತಿಗೆ."

ದೊಡ್ಡ ಶೀಟನ್ನು ತೊಳೆದು ಒಣಗಿಸಿ ಭೂತಗನ್ನಡಿ ಹಿಡಿದಾಗ ಹಿಟ್ಟಿನ ಜರಡಿಯ ಒಂದೊಂದು ತೂತೂ ಬೇರೆಬೇರೆಯಾಗಿ ನಿಂತಿತ್ತು. ಪೆನ್ಸಿಲಕ್ಕ ತೀರ್ಪು ಕೊಟ್ಟಳು: "ಸಣ್ಣ ಫಿಲ್ಮಿಗಿಂತ ನಿನ್ನದು ಮೇಲು. ಒಪ್ಪಿದೆ. ದೊಡ್ಡ ಶೀಟಿನ ಮುಂದೆ ನಿನ್ನ ಎರಡು ಕೋಟಿ ಸಾಲದು. ಇನ್ನೊಂದು ಮಾತು. ತನ್ನ ಕೈಲಾಗದ್ದು ಬಂದಾಗ ಫಿಲ್ಮು ಬಾಯಿ ಮುಚ್ಕೊಂಡು ಮಂಜಾಗುತ್ತೆ. ನಿನ್ನದು ಇಲ್ಲದ್ದನ್ನ ಹೇಳುತ್ತೆ."

ಗಂಡ ಹಗ್ಗದ ಕಡೆ ನೋಡಿ ನಕ್ಕ. "ಜನ ಜರಡಿ ಫೋಟೋ ತೆಗೆಸ್ಕೊಳ್ಳೋಕೆ ಬರ್ತಾರೇನೇ? ಮುಖ ತೆಗೆಸ್ಕೊಳ್ಳೋಕೆ ಬರ್ತಾರೆ."

"ಮುಖದಲ್ಲೂ ತೂತಿರ್ತವೆ ರೀ. ಇಷ್ಟು ವರ್ಷ ತುಂಬಿದವಳು ನಾನಲ್ವಾ?"

ಈ ಜರಡಿಯ ಮಾತು ಮರೆತುಹೋಗಬಹುದಿತ್ತು. ಆದರೆ ಎರಡು ತಿಂಗಳಾದ ಮೇಲೆ ಒಂದು ಗುರುವಾರ ಒಬ್ಬ ಹೆಂಗಸು ಸ್ಟುಡಿಯೋದ ಬೆಂಚಿನ ಮೇಲೆ ಬಂದು ಕೂತಳು. ಡಬ್ಬಿ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ದುಡಿದವಳು. ಎಡಗೈಯನ್ನು ಮಡಿಚಿದ ಶಾಲಿನ ಒಳಗೆ ಇಟ್ಟುಕೊಂಡಿದ್ದಳು.

"ಸ್ವಾಮಿ, ನಮ್ಮ ಕಾರ್ಖಾನೆಯ ಗುಂಪು ಫೋಟೋ ತೆಗೆದವರು ನೀವೇ ಅಲ್ವಾ?" ಎಂದು ಪೆನ್ಸಿಲಕ್ಕನ ಗಂಡನನ್ನು ಕೇಳಿದಳು.

"ವರ್ಷಕ್ಕೊಂದು ತೆಗೆದಿದ್ದೀನಿ. ಯಾವುದು ಬೇಕಮ್ಮ?"

"ಹತ್ತೊಂಬತ್ತು ವರ್ಷದ ಹಿಂದಿಂದು. ಎಂಬತ್ತು ಜನ, ನಾಲ್ಕು ಸಾಲು. ಮುಂದಿನ ಸಾಲಲ್ಲಿ ನಾನು ಕೂತಿದ್ದೀನಿ." ಅವಳು ಶಾಲಿನಿಂದ ಕೈ ತೆಗೆದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಚೆಗೆ ಎರಡು ಮೋಟು ಗಿಣ್ಣು. "ಈ ಕೈಗೆ ನಿಮ್ಮ ಫೋಟೋದಲ್ಲಿ ಐದು ಬೆರಳು ಹೇಗೆ ಬಂತು, ಅಷ್ಟು ಹೇಳಿ."

ಪರದೆಯ ಹಿಂದೆ ಗಾಜಿನ ಮುಂದೆ ಕೂತಿದ್ದ ಪೆನ್ಸಿಲಕ್ಕನ ಸೀಸ ಚಟ್ಟೆಂದು ಮುರಿಯಿತು.

ಹೆಂಗಸು ಹೇಳುತ್ತಾ ಹೋದಳು. ಪ್ರೆಸ್ಸು ಬಿದ್ದಾಗ ಮೇಲ್ವಿಚಾರಕ ಬಟ್ಟೆ ಸುತ್ತಿ ಮನೆಗೆ ಕಳಿಸಿದ್ದ. ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಎರಡು ತಿಂಗಳಿಗೆ ಕೈ ಒಣಗಿತು, ಪ್ಯಾಕಿಂಗಿಗೆ ಹಾಕಿದರು. ಅದೇ ವಾರ ಗುಂಪು ಫೋಟೋ. ಹೋದ ವರ್ಷ ವಯಸ್ಸಾಯಿತೆಂದು ಮನೆಗೆ ಕಳಿಸಿದಾಗ, ಕೆಲಸದಲ್ಲಿ ಅಂಗ ಕಳಕೊಂಡವರಿಗೆ ಸಿಗಬೇಕಾದ ಪಿಂಚಣಿ ಕೇಳಿದಳು. ಕಾರ್ಖಾನೆಯವರು ಗೋಡೆಯ ಮೇಲಿನ ಫೋಟೋ ಇಳಿಸಿ ತೋರಿಸಿದರು: ನೋಡಮ್ಮ, ಆ ವರ್ಷ ನಿನಗೆ ಐದೂ ಬೆರಳಿದ್ದವು. ಆಮೇಲೆ ಮನೆಯಲ್ಲೆಲ್ಲೋ ಕಳಕೊಂಡಿದ್ದೀಯ.

"ಸೋಮವಾರ ಕಾರ್ಮಿಕರ ಕಚೇರೀಲಿ ವಿಚಾರಣೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರಲ್ಲ ಸ್ವಾಮಿ, ಇವರಿಗೆ ನನ್ನ ಕೈ ಸಾಲದಂತೆ, ಫೋಟೋನೇ ಬೇಕಂತೆ."

"ಫೋಟೋ ಸುಳ್ಳು ಹೇಳಲ್ಲಮ್ಮ," ಎಂದ ಗಂಡ. ಈ ಮಾತನ್ನು ಅವನು ಮದುವೆಮನೆಗಳಲ್ಲೂ ಹೇಳುತ್ತಿದ್ದ.

"ಹಾಗಾದ್ರೆ ನನ್ನ ಕೈ ಸುಳ್ಳು ಹೇಳ್ತಿದೆಯಾ?"

ಅವನು ಲೆನ್ಸು ಒರೆಸತೊಡಗಿದ. ಹೆಂಗಸು ಎದ್ದು ಹೊರಟಳು. ಬಾಗಿಲು ದಾಟುವಾಗ ಕೈಯನ್ನು ಮತ್ತೆ ಶಾಲಿನೊಳಗೆ ಸೇರಿಸಿದಳು.

ಪೆನ್ಸಿಲಕ್ಕನಿಗೆ ಆ ಕೈ ಚೆನ್ನಾಗಿ ನೆನಪಿತ್ತು. ಕಾರ್ಖಾನೆಯ ಅಧಿಕಾರಿ ಅಂದು ನೆಗೆಟಿವ್ ನೋಡಿ, "ಗೋಡೆಗೆ ಹಾಕೋ ಫೋಟೋ ಇದು, ಆ ಹೆಂಗಸಿನ ಕೈ ಒಂದು ಸರಿ ಮಾಡಿಬಿಡಿ" ಎಂದಿದ್ದ. ಗಂಡ ಶೀಟನ್ನು ಪರದೆಯ ಸಂದಿಯಿಂದ ಒಳಕ್ಕೆ ಚಾಚಿ, "ಮೊದಲನೇ ಸಾಲು, ಎಡಗಡೆಯಿಂದ ಆರನೆಯವಳು. ಎರಡು ಬೆರಳು ಬೇಕಂತೆ" ಎಂದಿದ್ದ, ಅಂಗಿಗೆ ಎರಡು ಗುಂಡಿ ಹೊಲಿಯಲು ಹೇಳುವಷ್ಟು ಸಲೀಸಾಗಿ.

ಕಲೆ ಅಳಿಸಿ ಗೊತ್ತಿತ್ತು, ಬೆರಳು ಬರೆದು ಗೊತ್ತಿರಲಿಲ್ಲ. ಆ ಹೆಂಗಸಿನ ಕೈ ಕಪ್ಪು ಏಪ್ರನ್ನಿನ ಮೇಲಿತ್ತು. ಕಪ್ಪೆಂದರೆ ಫಿಲ್ಮಿನಲ್ಲಿ ತಿಳಿ. ತಿಳಿಯ ಮೇಲೆ ಸೀಸ ಕೂರುತ್ತದೆ. ಒಂದು ಬೆರಳಿನ ಅಗಲ ಮಿಲಿಮೀಟರಿನ ಮೂರನೇ ಒಂದು ಪಾಲು. ಅಕ್ಕಿಯ ನುಚ್ಚಿಗಿಂತ ಸಣ್ಣದು. ತನ್ನ ಎಡಗೈಯನ್ನೇ ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡು, ಅದನ್ನು ನೋಡಿ ನೋಡಿ, ನಾಲ್ಕು ಮಧ್ಯಾಹ್ನ ಕೂತು ಬರೆದಳು. ಪಾಪ, ಅವಳೂ ಎಲ್ಲರ ಹಾಗೆ ಚೆಂದ ಕಾಣಲಿ ಎಂದುಕೊಂಡಳು. ಬೆರಳು ಹೇಗೆ ಹೋಯಿತೆಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಮುಗಿಸಿ ಕೊಟ್ಟಾಗ ಗಂಡ ಬೆಳಕಿಗೆ ಹಿಡಿದು "ಹ್ಞೂಂ" ಎಂದ. ಅವನು ಹ್ಞೂಂ ಎಂದ ಆ ಕೆಲಸಕ್ಕೆ ಬಂದದ್ದೇ ಗೋಡೆಯ ಮೇಲಿನ ಹಿತ್ತಾಳೆ ಫಲಕ.

ಹೆಂಗಸು ಬಂದು ಹೋದ ಮರುದಿನ ಕಾರ್ಖಾನೆಯಿಂದ ಫೋನು ಬಂತು. ಫೋಟೋ ತೆಗೆದದ್ದು ತೆಗೆದ ಹಾಗೆಯೇ ಇದೆಯೆಂದು ಸ್ಟುಡಿಯೋದವರು ಒಂದು ಕಾಗದ ಬರೆದು ಸಹಿ ಮಾಡಿ ಕೊಡಬೇಕು, ಜತೆಗೆ ದೊಡ್ಡದಾಗಿ ಕಾಣುವ ಪ್ರತಿ. ಗಂಡ ಆಗಲಿ ಸಾರ್, ಆಗಲಿ ಸಾರ್ ಎಂದ. ಮೈದುನ ಅವರು ಕಳಿಸಿದ ಹಳೆಯ ಪ್ರಿಂಟನ್ನು ಗೋಡೆಗೆ ಅಂಟಿಸಿ ಹೊಸ ಕ್ಯಾಮೆರಾದಲ್ಲಿ ಪ್ರತಿ ತೆಗೆದು, ಕಂಪ್ಯೂಟರಿನಲ್ಲಿ ಆ ಕೈಯನ್ನು ದೊಡ್ಡದು ಮಾಡುತ್ತಾ ಹೋದ.

"ಒಂದು, ಎರಡು, ಮೂರು, ನಾಲ್ಕು, ಐದು. ಬನ್ನಿ ಅತ್ತಿಗೆ, ನೀವೇ ಎಣಿಸಿ. ಎರಡು ಕೋಟಿ ನಲವತ್ತು ಲಕ್ಷ ಸಾಕ್ಷಿ!"

"ಅಡ್ಡಕ್ಕೆ ಎಷ್ಟು ಚುಕ್ಕಿ?"

"ಆರು ಸಾವಿರ."

ಅವಳು ತುರುಬಿನಿಂದ ಪೆನ್ಸಿಲು ತೆಗೆದು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದಳು. ಸಾಲಿಗೆ ಇಪ್ಪತ್ತು ಜನ, ತಲೆಗೆ ಮುನ್ನೂರು. ಭುಜದಿಂದ ಭುಜದ ಅಗಲಕ್ಕೆ ಮೂವತ್ತು ಬೆರಳು ಹಿಡಿಯುತ್ತವೆ, ಅದು ಮುನ್ನೂರಾದರೆ ಒಂದು ಬೆರಳಿಗೆ? "ಹತ್ತು ಚುಕ್ಕಿ ಬಂತು ನೋಡು ಒಂದು ಬೆರಳಿಗೆ. ಕೋಟಿ ಕೋಟಿ ಅಂತ ಕುಣಿದೆಯಲ್ಲ, ಅವಳ ಪಾಲಿಗೆ ಬಂದಿದ್ದು ಹತ್ತು. ಹತ್ತು ಚುಕ್ಕೀಲಿ ಬೆರಳೂ ಒಂದೇ, ಕಡ್ಲೇಕಾಯೂ ಒಂದೇ."

"ಅದಕ್ಕೇನೀಗ? ಐದು ಕಾಣ್ತಿದೆ ತಾನೆ?"

"ಹಿಟ್ಟಿನ ಜರಡೀಲಿ ಅಲೆನೂ ಕಾಣ್ತಿತ್ತು."

ಶನಿವಾರ ಮಧ್ಯಾಹ್ನ ಅತ್ತೆ ನಿದ್ದೆ ಹೋದ ಮೇಲೆ ಅವಳು ಅಟ್ಟದಿಂದ ನೆಗೆಟಿವ್‌ಗಳ ತಗಡಿನ ಡಬ್ಬಿ ಇಳಿಸಿದಳು. ಡಬ್ಬಿಯೂ ಅದೇ ಕಾರ್ಖಾನೆಯದು. ಆ ವರ್ಷದ ಶೀಟು ಬಟರ್ ಪೇಪರಿನಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು. ಡಾರ್ಕ್‌ರೂಮಿನ ಬಾಗಿಲು ಹಾಕಿ, ಶೀಟನ್ನು ಚಿತ್ರ ಹಿಗ್ಗಿಸುವ ದೊಡ್ಡ ಎನ್ಲಾರ್ಜರಿಗೆ ಇಟ್ಟು, ಅದರ ತಲೆಯನ್ನು ಮಾಡಿನವರೆಗೆ ಏರಿಸಿ, ಉಳಿದ ಎಪ್ಪತ್ತೊಂಬತ್ತು ಜನರನ್ನೂ ಬಿಟ್ಟು ಆ ಒಂದು ಕೈಯನ್ನು ಮಾತ್ರ ಪೇಪರಿನ ಮೇಲೆ ಬೀಳಿಸಿದಳು.

ಕೆಂಪು ಬೆಳಕಿನಲ್ಲಿ, ಡೆವಲಪರಿನ ತಟ್ಟೆಯಲ್ಲಿ ಕೈ ಮೇಲೆದ್ದು ಬಂತು. ನಿಜವಾದ ಮೂರು ಬೆರಳು ಮರಳಿನಿಂದ ಮಾಡಿದಂತಿದ್ದವು. ಫಿಲ್ಮಿನ ಕಣ ಕಣವೂ ಚೆದುರಿ ಉರುಟಾಗಿ ನಿಂತಿತ್ತು. ಆಚೆಯ ಎರಡು ಬೆರಳಲ್ಲಿ ಆ ಮರಳಿನ ಮೇಲೆ ಇನ್ನೊಂದು ಸಂಗತಿಯಿತ್ತು: ಓರೆಯಾಗಿ, ಒಂದರ ಪಕ್ಕ ಒಂದು, ಅಲ್ಪವಿರಾಮಗಳ ಹಾಗೆ ಬಾಗಿದ ಸಣ್ಣ ಸಣ್ಣ ಗೀಟು. ಅವಳ ಕೈಬರಹ. ಕಾರ್ಖಾನೆಯ ಪ್ರಿಂಟಿನಲ್ಲಾಗಲೀ ಮೈದುನನ ಪರದೆಯಲ್ಲಾಗಲೀ ಕಾಣದ ಗೀಟುಗಳು ಫಿಲ್ಮಿನಲ್ಲಿ ಎಣಿಸಲು ಸಿಗುವಂತಿದ್ದವು.

ಅವಳು ಉಸಿರು ಬಿಟ್ಟು ಪೇಪರನ್ನು ಮುಂದಿನ ತಟ್ಟೆಗೆ ಜಾರಿಸಿದಳು. ಆಗ ಕಣ್ಣಿಗೆ ಬಿತ್ತು. ಕಿರುಬೆರಳು ಕೊನೆಯ ಗಿಣ್ಣಿನಲ್ಲಿ ಒಳಕ್ಕೆ ಡೊಂಕಾಗಿತ್ತು.

ಎಡಗೈಯನ್ನು ತಟ್ಟೆಯ ಪಕ್ಕಕ್ಕೆ ತಂದು ಹಿಡಿದಳು. ಅದೇ ಡೊಂಕು, ಅದೇ ಕಡೆಗೆ. ನೋಡಿ ಬರೆದಿದ್ದಳಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟಿದ್ದಳು. ಊರಿನ ಮುಖಗಳನ್ನೆಲ್ಲ ತಿದ್ದಿದವಳಿಗೆ ತನ್ನ ಬೆರಳನ್ನು ತಿದ್ದಬೇಕೆಂದು ತೋಚಿರಲಿಲ್ಲ. ಹತ್ತೊಂಬತ್ತು ವರ್ಷ ಕಾರ್ಖಾನೆಯ ಗೋಡೆಯ ಮೇಲೆ ಇನ್ನೊಬ್ಬಳ ತೊಡೆಯ ಮೇಲೆ ಕೂತಿದ್ದದ್ದು ಅವಳದೇ ಬೆರಳು. ಕತ್ತಲಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು, ಆಮೇಲೆ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ಕೈ ತೊಳೆದಳು.

ಭಾನುವಾರ ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಊಟಕ್ಕೆ ಕೂತಾಗ ಅವಳು ಬಡಿಸುವ ಮೊದಲು ಪ್ರಿಂಟನ್ನು ತಟ್ಟೆಗಳ ನಡುವೆ ಇಟ್ಟಳು. ಅದರ ಪಕ್ಕ ತನ್ನ ಕೈ ಇಟ್ಟಳು.

ಮೈದುನ ಮೊದಲು ನೋಡಿದ. ಫೋಟೋ ನೋಡಿದ, ಕೈ ನೋಡಿದ, ಮತ್ತೆ ಫೋಟೋ ನೋಡಿದ. "ಅಯ್ಯೋ ಅತ್ತಿಗೆ," ಎಂದ, ಅಷ್ಟೆ.

ಗಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಕೈಯನ್ನು ಅವನು ಅಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿದ್ದವು.

"ಈಗ ಇದನ್ನ ಯಾಕೆ ಕೆದಕ್ತೀಯ? ಆ ಕಾಗದಕ್ಕೆ ನಾನು ಸಹಿ ಹಾಕೋದು, ನೀನಲ್ಲ."

"ಅದೇ ತಪ್ಪಾಗಿದ್ದು. ಬರೆದವಳು ನಾನು, ಸಹಿ ನಿಮ್ಮದು."

"ಕಾರ್ಖಾನೆಯವರನ್ನ ಎದುರು ಹಾಕ್ಕೊಂಡ್ರೆ ನಾಳೆಯಿಂದ ಈ ಬಾಗಿಲಿಗೆ ಯಾರು ಬರ್ತಾರೆ? ಆ ಫಲಕ ಇಳಿಸಬೇಕಾಗುತ್ತೆ."

"ಇಳಿಸಿ. ಹುಣಸೆಹಣ್ಣು ಉಳಿಯುತ್ತೆ."

ಪಕ್ಕದ ಕೋಣೆಯಿಂದ ಅತ್ತೆ ಕೂಗಿದರು. "ಏನ್ರೋ ಅದು ಗಲಾಟೆ?"

"ಬೆರಳು ಸಿಕ್ತು ಅತ್ತೆ."

"ಯಾರದ್ದೇ?"

"ನಂದೇ."

"ಕಳ್ಕೊಂಡಿದ್ದು ಯಾವಾಗ?" ಎಂದು ಅತ್ತೆ ಗೊಣಗಿದರು. ಮೈದುನ ನಗು ಬಂದರೂ ಅಣ್ಣನ ಮುಖ ನೋಡಿ ತಡೆದುಕೊಂಡ.

ಗಂಡ ಊಟ ಮುಗಿಸಿದ. ಕೈ ತೊಳೆದು ಬಂದು ದನಿ ತಗ್ಗಿಸಿದ. ಅವನು ದನಿ ತಗ್ಗಿಸುವುದು ಅಪರೂಪ. ಹಾಗೆ ತಗ್ಗಿಸಿದಾಗ ಅವಳು ಸೋಲುವುದು ರೂಢಿ. "ಕೇಳು. ನಾನು ಸಹಿ ಹಾಕಲ್ಲ. ಕಾಗದ ಬರೆಯೋಕಾಗಲ್ಲ ಅಂತ ಹೇಳಿಬಿಡ್ತೀನಿ. ನೀನು ನೆಗೆಟಿವ್‌ಗೆ ಟರ್ಪೆಂಟೈನ್ ಹಚ್ಚಿ ಆ ಬೆರಳು ಅಳಿಸಿಬಿಡು. ಕೆಳಗೆ ಇದ್ದದ್ದು ಇದ್ದ ಹಾಗೇ ಇರುತ್ತಲ್ಲ. ಶುದ್ಧವಾದ ಪ್ರಿಂಟು ಒಂದು ಆ ಹೆಂಗಸಿನ ಕೈಗೆ ಕೊಟ್ಟುಬಿಡೋಣ. ಅವಳ ಕೆಲಸನೂ ಆಯ್ತು, ಮನೆ ಮಾತು ಮನೇಲೇ ಉಳೀತು. ಯಾರು ಬರೆದ್ರು ಅಂತ ಯಾರೂ ಕೇಳಲ್ಲ."

ಮಾತು ಸುಳ್ಳಲ್ಲ. ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದು ಸಲ ಸವರಿದರೆ ಅಂಟೂ ಸೀಸವೂ ಎದ್ದು ಬರುತ್ತವೆ, ಫಿಲ್ಮಿಗೆ ಏನೂ ಆಗುವುದಿಲ್ಲ. ಪೆನ್ಸಿಲಕ್ಕ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪಾತ್ರೆ ತೊಳೆದಳು. ಗಂಡ ಅದನ್ನು ಒಪ್ಪಿಗೆ ಎಂದುಕೊಂಡು ಮಲಗಲು ಹೋದ.

ಸೋಮವಾರ ನಾಲ್ಕೂವರೆಗೆ ಎದ್ದಳು. ಅತ್ತೆಯ ಮಗ್ಗುಲು ಬದಲಿಸಿ ಪುಡಿ ಹಾಕಿದಳು, ಹಾಸು ಬದಲಿಸಿದಳು. ಮುದುಕಿಯ ಬೆನ್ನಿಗೂ ಕಾರ್ಖಾನೆಗೂ ಸಂಬಂಧವಿಲ್ಲ. ಆಮೇಲೆ ಮೋಟರು ಹಾಕದೆ, ಹಾಲು ಇಡದೆ, ಕಿಟಕಿಯ ಬಳಿಯ ಓರೆಗಾಜು ಎತ್ತಿಕೊಂಡು ಡಾರ್ಕ್‌ರೂಮಿಗೆ ಹೋಗಿ ಬಿಳಿ ದೀಪ ಹಾಕಿದಳು. ಶೀಟನ್ನು ಓರೆಗಾಜಿನ ಮೇಲೆ ಇಟ್ಟು, ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದು, ಕಡ್ಡಿಗೆ ಹತ್ತಿ ಸುತ್ತಿ ಅದ್ದಿದಳು.

ಭೂತಗನ್ನಡಿಯಲ್ಲಿ ಎರಡು ಬೆರಳು ಕಂಡವು. ಅಂಥ ಕೆಲಸವನ್ನು ಅವಳು ಮತ್ತೆಂದೂ ಮಾಡಿರಲಿಲ್ಲ. ಉಗುರಿನ ಮೇಲಿನ ಬೆಳಕು ಕೂಡ ಇತ್ತು. ಹತ್ತಿಯನ್ನು ಅದರ ಮೇಲೆ ತಂದು ನಿಲ್ಲಿಸಿದಳು. ತುದಿಯಲ್ಲಿ ಒಂದು ಹನಿ ತೂಗಾಡಿತು.

ಅಳಿಸಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಒಂದು ಪ್ರಿಂಟಿನಲ್ಲಿ ಐದು, ಇನ್ನೊಂದರಲ್ಲಿ ಮೂರು. ಕಾರ್ಖಾನೆಯವರು ಹತ್ತೊಂಬತ್ತು ವರ್ಷ ಗೋಡೆಯ ಮೇಲಿದ್ದದ್ದು ನಿಜ, ನಿನ್ನೆ ಮೊನ್ನೆ ಮಾಡಿದ್ದು ಕಂಪ್ಯೂಟರಿನ ಕೈವಾಡ ಎನ್ನುತ್ತಾರೆ. ಆ ಹೆಂಗಸು ಮತ್ತೆ ಬೆಂಚಿನ ಮೇಲೆ ಕೂತು ಶಾಲಿನಿಂದ ಕೈ ತೆಗೆಯಬೇಕು. ಬೆರಳನ್ನು ಬರೆದವರು ಇದ್ದಾರೆ ಎನ್ನುವುದಕ್ಕೆ ಈ ಗೀಟುಗಳೇ ಸಾಕ್ಷಿ, ಈ ಡೊಂಕೇ ಸಾಕ್ಷಿ. ಪರದೆಯ ಹಿಂದೆ ಬರೆದದ್ದಾಯಿತು. ಪರದೆಯ ಹಿಂದೆಯೇ ಅಳಿಸಿದರೆ ಇವಳು ಮತ್ತೆ ಮನೇಲೇ ಇರುವವಳು.

ಹತ್ತಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಹನಿ ನೆಲಕ್ಕೆ ಬಿತ್ತು, ಫಿಲ್ಮಿಗಲ್ಲ. ಬಾಟಲಿಯ ಮುಚ್ಚಳ ಬಿಗಿದು ಅದನ್ನೂ ಚೀಲಕ್ಕೆ ಸೇರಿಸಿದಳು. ಬೇಕಾದರೆ ಎಲ್ಲರ ಕಣ್ಣೆದುರು, ವಿಚಾರಣೆಯ ಮೇಜಿನ ಮೇಲೆ, ಅಳಿಸಿ ತೋರಿಸಿದರಾಯಿತು. ಶೀಟನ್ನು ಬಟರ್ ಪೇಪರಿನಲ್ಲಿ ಸುತ್ತಿ ಎರಡು ರಟ್ಟುಗಳ ನಡುವೆ ಇಟ್ಟಳು. ಭೂತಗನ್ನಡಿ, ಕೈಯ ದೊಡ್ಡ ಪ್ರಿಂಟು, ಒಂದು ಬಾಳೆಹಣ್ಣು. ಬಸ್ಸು ಆರೂವರೆಗೆ.

ಅಡುಗೆಮನೆಯಲ್ಲಿ ಗಂಡ ನಿಂತಿದ್ದ. ಒಲೆ ಹೊತ್ತಿರಲಿಲ್ಲ. ಅವನು ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಮೂಸುತ್ತಿದ್ದ.

"ಟೀ ಎಲ್ಲೇ?" ಎಂದವನು ಅವಳ ಹೆಗಲಿನ ಚೀಲ ನೋಡಿದ. "ಅಳಿಸಿದ್ಯಾ?"

"ಎಂಟು ಗಂಟೆಗೆ ಅತ್ತೆಯ ಮಗ್ಗುಲು ಬದಲಿಸಿ. ಮಾತ್ರೆ ಕಿಟಕೀಲಿದೆ, ಬಿಳೀದು ಒಂದು, ಹಳದಿ ಅರ್ಧ. ಮೋಟರು ಹಾಕಿ ಮರೀಬೇಡಿ."

"ನಾನು ಕೇಳಿದ್ದಕ್ಕೆ ಉತ್ತರ ಹೇಳು."

ಅವಳು ತುರುಬಿನಿಂದ ಪೆನ್ಸಿಲು ತೆಗೆದು, ಚೀಲದಿಂದ ಪ್ರಿಂಟನ್ನು ಎಳೆದು, ಅದನ್ನು ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿದಳು. ಅದರ ಬೆನ್ನಿಗೆ ಎಂದಿನಂತೆ ಸ್ಟುಡಿಯೋದ ಮೊಹರಿತ್ತು. ಮೊಹರಿನ ಕೆಳಗೆ ಬರೆದಳು: "ಈ ಕೈಯ ಕೊನೆಯ ಎರಡು ಬೆರಳು ನಾನು ಬರೆದದ್ದು." ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಇಂಥವರ ಹೆಂಡತಿ ಎಂದು ಸೇರಿಸಲಿಲ್ಲ.

"ಏ, ನಿಲ್ಲೇ. ಟೀ ಆದ್ರೂ..."

"ಕೆಂಪು ದಾರ ಕಟ್ಟಿರೋ ಚಮಚ ಮುಟ್ಟಬೇಡಿ," ಎಂದಳು ಪೆನ್ಸಿಲಕ್ಕ, ಬಾಗಿಲಿನ ಚಿಲಕ ತೆಗೆಯುತ್ತಾ. "ಬೇರೆ ಯಾವುದಾದ್ರೂ ತಗೊಳ್ಳಿ."